ಬ್ಲೂ ಮೂನ್ ಪಾಠಕ್ಕೆ ಒದಗಿಬಂದ ಎರಡು ಶ್ರಾವಣ

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ‘ವನ್ಸ್ ಇನ್ ಎ ಬ್ಲೂ ಮೂನ್’ ಅಂದರೆ ‘ತೀರಾ ಅಪರೂಪಕ್ಕೆ’ ಅಂತ ಬರೆಸಿ ಮುಂದೆ ಹೋಗುತ್ತಿದ್ದೆ. ಮಕ್ಕಳು ಬಾಯಿಪಾಠ ಮಾಡುತ್ತಿದ್ದರು. ಆದರೆ ಸ್ವಂತ ವಾಕ್ಯ ಬರೆಯಿರಿ ಅಂದರೆ ‘ಇಟ್ ರೇನ್ಡ್ ವನ್ಸ್ ಇನ್ ಎ ಬ್ಲೂ ಮೂನ್ ಯೆಸ್ಟರ್‌ಡೇ’ ಅನ್ನುವಂಥವೇ ಜಾಸ್ತಿ. ಅರ್ಥ ಗೊತ್ತು, ಬಳಕೆ ಗೊತ್ತಿಲ್ಲ.

2023ರ ಆಗಸ್ಟ್ 31, ಗುರುವಾರ. ಆ ತಿಂಗಳಲ್ಲಿ ಅದು ಎರಡನೇ ಹುಣ್ಣಿಮೆ. ಒಂದೇ ತಿಂಗಳಲ್ಲಿ ಎರಡು ಹುಣ್ಣಿಮೆ ಬಂದರೆ ಎರಡನೆಯದನ್ನು ಬ್ಲೂ ಮೂನ್ ಅನ್ನುತ್ತಾರೆ, ಬಣ್ಣವೇನೂ ನೀಲಿ ಇರಲ್ಲ ಅಂದೆ. (ನಿಜಕ್ಕೂ ನೀಲಿಯಾಗಿ ಕಂಡದ್ದೂ ಉಂಟು. 1883ರಲ್ಲಿ ಕ್ರಕಟೋವಾ ಜ್ವಾಲಾಮುಖಿ ಸಿಡಿದ ಮೇಲೆ, ಗಾಳಿಯಲ್ಲಿ ತುಂಬಿದ್ದ ಬೂದಿಯಿಂದಾಗಿ.) ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು, “ಮಿಸ್, ಈ ಸಲ ಎರಡು ಶ್ರಾವಣ ಬಂತಲ್ಲ, ಹಂಗೇನಾ?” ಅಂದಳು.

ಎಷ್ಟು ಒಳ್ಳೆ ಪ್ರಶ್ನೆ! ಸ್ಟಾಫ್ ರೂಮಿನ ಗೋಡೆಯಿಂದ ಕ್ಯಾಲೆಂಡರ್ ಬಿಚ್ಚಿ ತರಿಸಿದೆ. ಅಧಿಕ ಶ್ರಾವಣ, ಆಮೇಲೆ ನಿಜ ಶ್ರಾವಣ. ಬೋರ್ಡಿನ ಮೇಲೆ ಲೆಕ್ಕ ಹಾಕಿದೆವು. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. 19 ವರ್ಷಕ್ಕೆ ಇಂಗ್ಲಿಷ್ ತಿಂಗಳು 228, ಹುಣ್ಣಿಮೆ 235. ಏಳು ಹೆಚ್ಚು, ಅಂದರೆ ಸುಮಾರು ಏಳು ಬ್ಲೂ ಮೂನ್. 19 ವರ್ಷದಲ್ಲಿ ಬರುವ ಅಧಿಕ ಮಾಸಗಳೂ ಏಳೇ! ಎರಡೂ ಹತ್ತಿರ ಹತ್ತಿರ ಎರಡು ಮುಕ್ಕಾಲು ವರ್ಷಕ್ಕೊಮ್ಮೆ.

ಆಮೇಲೆ ಬಳಕೆಗೆ ಬಂದೆ. “ಅಪರೂಪಕ್ಕೆ ಬರುವ ನೆಂಟರನ್ನು ಮನೆಯಲ್ಲಿ ಏನಂತಾರೆ?” ಅಂತ ಕೇಳಿದೆ. “ಅಮಾವಾಸ್ಯೆಗೋ ಹುಣ್ಣಿಮೆಗೋ ಒಮ್ಮೆ ಬರ್ತಾರೆ!” ಅಂತ ಇಡೀ ಕ್ಲಾಸು ಕೂಗಿತು. ‘ಬರ್ತಾರೆ’ ಅನ್ನೋದಕ್ಕೆ ಗೆರೆ ಎಳೆದೆ. ಅವರು ಬರೋದು ಅಪರೂಪ, ಆದರೂ ಬರ್ತಾ ಇರ್ತಾರೆ, ಅಲ್ವಾ? ಇಂಗ್ಲಿಷಿನಲ್ಲೂ ಹಾಗೇ. ಆಗೊಮ್ಮೆ ಈಗೊಮ್ಮೆ ಮರುಕಳಿಸುವುದಕ್ಕೆ ಆ ಮಾತು. ನಿನ್ನೆ ಒಂದು ಸಲ ಆಗಿಹೋದದ್ದಕ್ಕೆ ಹೊಂದಲ್ಲ. ‘ನಿನ್ನೆ ಅಮಾವಾಸ್ಯೆಗೋ ಹುಣ್ಣಿಮೆಗೋ ಒಮ್ಮೆ ಮಳೆ ಬಂತು’ ಅಂತ ನಾನೇ ಹೇಳಿ ತೋರಿಸಿದೆ. ಎಲ್ಲರೂ ನಕ್ಕರು. ತಪ್ಪು ಎಲ್ಲಿದೆ ಅಂತ ಅವರ ಕಿವಿಗೇ ಗೊತ್ತಾಯಿತು.

ಅವತ್ತು ಸಂಜೆ ನೋಟ್ ಬುಕ್ ತಿದ್ದುವಾಗ ಆ ಹುಡುಗಿಯ ವಾಕ್ಯ ಸಿಕ್ಕಿತು: ‘ಮೈ ಫಾದರ್ ವರ್ಕ್ಸ್ ಇನ್ ಮುಂಬೈ. ಹೀ ಕಮ್ಸ್ ಹೋಮ್ ವನ್ಸ್ ಇನ್ ಎ ಬ್ಲೂ ಮೂನ್.’ ತಿದ್ದಲು ಏನೂ ಇರಲಿಲ್ಲ. ರೈಟ್ ಹಾಕಿ, ಆ ಪುಟವನ್ನೇ ಸ್ವಲ್ಪ ಹೊತ್ತು ನೋಡುತ್ತಾ ಕೂತೆ.