ಒಂದೇ ಮೇಲ್‌ಬಾಕ್ಸ್, ಎರಡು ವಿಳಾಸ: ಎಸ್‌ಬಿಎಸ್ 2011ರಲ್ಲಿ ಕೊನೆಗೂ ದಕ್ಕಿದ ದಾರಿ

ಪೀಣ್ಯದ ಒಂದು ಟ್ರೇಡಿಂಗ್ ಆಫೀಸು. ಹದಿನೆಂಟು ಜನ, ಒಂದೇ ಸರ್ವರ್: ಮೈಕ್ರೋಸಾಫ್ಟಿನ ಸ್ಮಾಲ್ ಬಿಸಿನೆಸ್ ಸರ್ವರ್ (ಎಸ್‌ಬಿಎಸ್) 2011 ಸ್ಟ್ಯಾಂಡರ್ಡ್, ಅದರೊಳಗೆ ಮೇಲ್ ನೋಡಿಕೊಳ್ಳುವ ಎಕ್ಸ್‌ಚೇಂಜ್ 2010. ಹಳೇ ಕಂಪನಿ ಹೆಸರಲ್ಲಿ ಒಂದು ಡೊಮೇನ್ ಇತ್ತು, ಸ್ಪೇರ್ ಪಾರ್ಟ್ಸ್ ವ್ಯವಹಾರಕ್ಕೆಂದು ಇನ್ನೊಂದು ತೆಗೆದುಕೊಂಡರು. ಬೇಕಾದದ್ದು ಇಷ್ಟೇ: ಅದೇ ಔಟ್‌ಲುಕ್, ಅದೇ ಇನ್‌ಬಾಕ್ಸ್, ಆದರೆ ಪಾರ್ಟ್ಸ್ ಗಿರಾಕಿಗೆ ಹೋಗುವ ಮೇಲ್‌ನಲ್ಲಿ ಹೊಸ ಡೊಮೇನಿನ ವಿಳಾಸ ಕಾಣಬೇಕು. ಕೇಳಿದವರೆಲ್ಲ ‘ಎಕ್ಸ್‌ಚೇಂಜ್‌ನಲ್ಲಿ ಅದು ಆಗಲ್ಲ, ಇನ್ನೊಂದು ಮೇಲ್‌ಬಾಕ್ಸ್ ಮಾಡಿ, ಇಲ್ಲಾಂದ್ರೆ ಸಾಫ್ಟ್‌ವೇರ್ ಕೊಳ್ಳಿ’ ಎಂದರು. ಆಗುತ್ತದೆ. ಒಮ್ಮೆ ಸರಿಹೋದ ಮೇಲೆ ಐದಾರು ವರ್ಷ ಒಂದು ದಿನವೂ ತಕರಾರಿಲ್ಲದೆ ನಡೆಯಿತು, ಲೈಸೆನ್ಸಿಗೆ ಒಂದು ರೂಪಾಯಿ ಖರ್ಚಾಗಲಿಲ್ಲ. ಹೊಸ ವಿಳಾಸವನ್ನು ಮೇಲ್‌ಬಾಕ್ಸಿನಿಂದ ಬಿಡಿಸಿ, ಒಬ್ಬನೇ ಸದಸ್ಯನಿರುವ ಡಿಸ್ಟ್ರಿಬ್ಯೂಷನ್ ಗ್ರೂಪಿಗೆ (ಬಂದ ಮೇಲನ್ನು ಸದಸ್ಯರಿಗೆ ಹಂಚುವ ಪಟ್ಟಿ) ಕೊಟ್ಟು, ಆ ಗ್ರೂಪಿನ ಮೇಲೆ ಸೆಂಡ್ ಆಸ್ ಹಕ್ಕು, ಅಂದರೆ ಅದರ ಹೆಸರಲ್ಲೇ ಕಳಿಸುವ ಹಕ್ಕು, ಕೊಡುವುದು. ದಾರಿ ಇಷ್ಟೇ, ಆದರೆ ಅದರ ಸುತ್ತ ಏಳೆಂಟು ಗುಂಡಿಗಳಿವೆ.

ಎಲ್ಲರೂ ಮೊದಲು ಮಾಡುವುದು ಬಳಕೆದಾರನ ಮೇಲ್‌ಬಾಕ್ಸಿಗೆ ಎರಡನೇ ವಿಳಾಸ ಸೇರಿಸುವುದು. ಬರುವ ಮೇಲ್ ಬರುತ್ತದೆ, ಹೋಗುವುದು ಮಾತ್ರ ಹಳೇ ವಿಳಾಸದಿಂದಲೇ. ಫ್ರಮ್ ಜಾಗದಲ್ಲಿ ಹೊಸ ವಿಳಾಸ ಟೈಪ್ ಮಾಡಿದರೂ ಅಷ್ಟೇ. ಎಕ್ಸ್‌ಚೇಂಜ್ ಆ ವಿಳಾಸ ಯಾರದೆಂದು ಡೈರೆಕ್ಟರಿಯಲ್ಲಿ ಹುಡುಕುತ್ತದೆ, ಅದೇ ಮೇಲ್‌ಬಾಕ್ಸಿನದು ಎಂದು ಗೊತ್ತಾದ ಕೂಡಲೇ ಅದರ ಪ್ರೈಮರಿ ವಿಳಾಸ ಹಾಕಿ ಕಳಿಸುತ್ತದೆ. ಗುಣಲಕ್ಷಣಗಳಲ್ಲಿ ನೋಡಿ, ದೊಡ್ಡಕ್ಷರದ ಎಸ್‌ಎಂಟಿಪಿ ಇರುವುದು ಪ್ರೈಮರಿ, ಸಣ್ಣಕ್ಷರದ್ದೆಲ್ಲ ಬರೀ ಒಳಬರುವ ಬಾಗಿಲು. ‘ಡೈರೆಕ್ಟ್ ರಿಪ್ಲೈಸ್ ಟು’ ತುಂಬಿಸಿದರೆ ಉತ್ತರವೇನೋ ಹೊಸ ವಿಳಾಸಕ್ಕೆ ಬರುತ್ತದೆ, ಗಿರಾಕಿಯ ಕಣ್ಣಿಗೆ ಮಾತ್ರ ಹಳೇ ಕಂಪನಿ ಹೆಸರೇ ಬೀಳುತ್ತದೆ.

ಔಟ್‌ಲುಕ್‌ನಲ್ಲಿ ಸುಳ್ಳು ಪಾಪ್3 (ಮೇಲ್ ಇಳಿಸಿಕೊಳ್ಳುವ ಹಳೇ ಬಗೆ) ಅಕೌಂಟ್ ಮಾಡಿ, ಔಟ್‌ಗೋಯಿಂಗ್ ಜಾಗಕ್ಕೆ ನಮ್ಮದೇ ಸರ್ವರಿನ 587 ಪೋರ್ಟ್ (ಲಾಗಿನ್ ಆಗಿ ಮೇಲ್ ಕಳಿಸುವ ಬಾಗಿಲು) ಕೊಡುವ ಉಪಾಯವೂ ನಡೆಯಿತು. ವಿಳಾಸ ಸರಿಯಾಗಿ ಹೋಗುತ್ತದೆ. ಆದರೆ ಸೆಂಡ್-ರಿಸೀವ್ ಗ್ರೂಪಿನಲ್ಲಿ ಆ ಅಕೌಂಟಿನ ರಿಸೀವ್ ಟಿಕ್ ತೆಗೆಯಲು ಮರೆತರೆ ದಿನವಿಡೀ ಎರರ್ ಡಬ್ಬಿ ಏಳುತ್ತದೆ, ಪಾಸ್‌ವರ್ಡ್ ಬದಲಾದಾಗಲೆಲ್ಲ ಎರಡು ಕಡೆ ಬದಲಿಸಬೇಕು, ಪಿಸಿ ಬದಲಾದರೆ ಮತ್ತೆ ಮೊದಲಿಂದ. ಹದಿನೆಂಟು ಪಿಸಿಗೆ ಅದು ಸಲ್ಲದ ಕೆಲಸ.

ರೆಡಿಮೇಡ್ ಆಡ್-ಇನ್‌ಗೆ ಆಗ ಬಂದ ಕೊಟೇಶನ್ ಸುಮಾರು 15 ಸಾವಿರ, ಜೊತೆಗೆ ವರ್ಷ ವರ್ಷ ಸಪೋರ್ಟಿನ ಹಣ. ಬೇಡವೆಂದೆವು.

ಇನ್ನು ನಡೆದ ದಾರಿ. ಮೊದಲು ಹೊಸ ಡೊಮೇನನ್ನು ಆಕ್ಸೆಪ್ಟೆಡ್ ಡೊಮೇನ್ ಪಟ್ಟಿಗೆ (ಸರ್ವರ್ ಮೇಲ್ ಸ್ವೀಕರಿಸುವ ಡೊಮೇನುಗಳು) ಆಥೊರಿಟೇಟಿವ್ ಎಂದು ಸೇರಿಸಿ. ಅದರ ಎಂಎಕ್ಸ್ (ಡೊಮೇನಿನ ಮೇಲ್ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ದಾಖಲೆ) ಸರ್ವರಿಗೆ ಹೊರಗಿನಿಂದ ಈಗಾಗಲೇ ಇರುವ ರಿಮೋಟ್ ಹೆಸರಿಗೇ ತೋರಲಿ. ಎರಡನೇ ಸರ್ಟಿಫಿಕೇಟ್ ಬೇಕಿಲ್ಲ, ಔಟ್‌ಲುಕ್ ತಾನೇ ಸರ್ವರ್ ಹುಡುಕಿಕೊಳ್ಳುವ ಆಟೋಡಿಸ್ಕವರ್ ದಾಖಲೆಯೂ ಬೇಕಿಲ್ಲ. ಲಾಗಿನ್ ಆಗುವುದು ಹಳೇ ವಿಳಾಸದಲ್ಲೇ ತಾನೆ? ಸರ್ಟಿಫಿಕೇಟಿಗೆಂದು ಐದಾರು ಸಾವಿರ ಎತ್ತಿಡಲು ಹೇಳಿದವರ ಮಾತು ಕೇಳದಿದ್ದದ್ದು ಒಳ್ಳೆಯದಾಯಿತು.

ಆಮೇಲೆ ಮೇಲ್‌ಬಾಕ್ಸಿನಿಂದ ಎರಡನೇ ವಿಳಾಸ ತೆಗೆಯಿರಿ. ಒಂದು ವಿಳಾಸ ಇಬ್ಬರ ಹೆಸರಲ್ಲಿ ಇರುವಂತಿಲ್ಲ, ತೆಗೆಯದೆ ಹೋದರೆ ಗ್ರೂಪಿಗೆ ಹಾಕುವಾಗ ‘ಈಗಾಗಲೇ ಬಳಕೆಯಲ್ಲಿದೆ’ ಎಂದು ತಿರಸ್ಕರಿಸುತ್ತದೆ. ತೆಗೆದು ಹಾಕುವ ನಡುವಿನ ನಾಲ್ಕೈದು ನಿಮಿಷದಲ್ಲಿ ಬಂದ ಮೇಲ್ 5.1.1 (ಇಂಥ ವಿಳಾಸವಿಲ್ಲ) ಹೇಳಿಕೊಂಡು ವಾಪಸ್ ಹೋಗುತ್ತದೆ. ರಾತ್ರಿ ಹತ್ತರ ಮೇಲೆ ಮಾಡಿ.

ಈಗ ಎಕ್ಸ್‌ಚೇಂಜ್ ಮ್ಯಾನೇಜ್‌ಮೆಂಟ್ ಕನ್ಸೋಲಿನಲ್ಲಿ ಡಿಸ್ಟ್ರಿಬ್ಯೂಷನ್ ಗ್ರೂಪ್. ಸದಸ್ಯ ಒಬ್ಬನೇ, ಆ ವಿಳಾಸ ಬಳಸುವವನು. ಡಿಸ್‌ಪ್ಲೇ ನೇಮ್ ಕೊಡುವಾಗ ನಿಧಾನಿಸಿ, ಗಿರಾಕಿಗೆ ಕಾಣುವ ಹೆಸರು ಅದೇ. ‘ಪಾರ್ಟ್ಸ್ ಗ್ರೂಪ್ ಟೆಸ್ಟ್ 2’ ಎಂದಿಟ್ಟರೆ ಹೊರಗೂ ಹಾಗೇ ಹೋಗುತ್ತದೆ. ವ್ಯಕ್ತಿಯ ಹೆಸರೇ ಬೇಕೆಂದರೆ ಅಡ್ರೆಸ್ ಲಿಸ್ಟಿನಲ್ಲಿ ಒಂದೇ ಹೆಸರು ಎರಡು ಸಲ ಬಂದು ಆಫೀಸಿನವರು ತಪ್ಪು ಆರಿಸುತ್ತಾರೆ. ಹೆಸರಿನ ಕೊನೆಗೆ ‘ಪಾರ್ಟ್ಸ್ ವಿಭಾಗ’ ಎಂದು ಸೇರಿಸಿದೆವು. ಗ್ರೂಪಿನ ವಿಳಾಸಗಳಲ್ಲಿ ಹೊಸ ಡೊಮೇನಿನದನ್ನು ಪ್ರೈಮರಿ ಮಾಡಬೇಕು. ಅದಕ್ಕೂ ಮುಂಚೆ ‘ಇ-ಮೇಲ್ ಅಡ್ರೆಸ್ ಪಾಲಿಸಿ ಪ್ರಕಾರ ತಾನೇ ಬದಲಿಸು’ ಎಂಬ ಟಿಕ್ ತೆಗೆಯಿರಿ, ಇಲ್ಲದಿದ್ದರೆ ಪಾಲಿಸಿ ಅದನ್ನು ಮತ್ತೆ ಹಳೇ ಡೊಮೇನಿಗೆ ಎಳೆದುಕೊಂಡು ಹೋಗುತ್ತದೆ.

ಗ್ರೂಪ್ ಹುಟ್ಟುವಾಗಲೇ ‘ಅಥೆಂಟಿಕೇಟ್ ಆದವರಿಂದ ಮಾತ್ರ’ ಎಂಬ ಬೀಗದೊಂದಿಗೆ ಹುಟ್ಟುತ್ತದೆ. ಮೆಸೇಜ್ ಡೆಲಿವರಿ ರಿಸ್ಟ್ರಿಕ್ಷನ್ಸ್ ಒಳಗೆ ಆ ಟಿಕ್ ತೆಗೆಯದಿದ್ದರೆ ಹೊರಗಿನ ಗಿರಾಕಿಯ ಉತ್ತರ 5.7.1 ಕೋಡಿನೊಂದಿಗೆ ವಾಪಸ್, ಒಳಗೆ ‘ಆಥ್ ರಿಕ್ವೈರ್ಡ್’ ಎಂದಿರುತ್ತದೆ. ನಮ್ಮ ಕಡೆ ಯಾರಿಗೂ ಏನೂ ತಿಳಿಯುವುದಿಲ್ಲ, ಗಿರಾಕಿ ಫೋನ್ ಮಾಡಿದಾಗಲೇ ಗೊತ್ತು. ಎರಡು ದಿನದ ಆರ್ಡರುಗಳು ಹೀಗೆ ಹೋದವು, ಅವುಗಳ ಬೆಲೆ ಎಲ್ಲ ಲೈಸೆನ್ಸಿಗಿಂತ ಹೆಚ್ಚು.

ಹಕ್ಕು ಕೊಡುವ ಹೆಜ್ಜೆ. ಮೇಲ್‌ಬಾಕ್ಸಿಗಾದರೆ ಕನ್ಸೋಲಿನಲ್ಲೇ ‘ಮ್ಯಾನೇಜ್ ಸೆಂಡ್ ಆಸ್’ ಸಿಗುತ್ತದೆ, ಗ್ರೂಪಿಗೆ 2010ರ ಕನ್ಸೋಲಿನಲ್ಲಿ ಅದಿಲ್ಲ. ಎಕ್ಸ್‌ಚೇಂಜ್ ಶೆಲ್ಲನ್ನು (ಕಮಾಂಡ್ ಟೈಪ್ ಮಾಡುವ ಕಿಟಕಿ) ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಆಡ್-ಎಡಿಪರ್ಮಿಷನ್’ ಕೊಡಬೇಕು: ಯೂಸರ್ ಜಾಗಕ್ಕೆ ಡೊಮೇನ್ ಸಮೇತ ಲಾಗಿನ್ ಹೆಸರು, ಎಕ್ಸ್‌ಟೆಂಡೆಡ್ ರೈಟ್ಸ್ ಜಾಗಕ್ಕೆ ‘ಸೆಂಡ್-ಆಸ್’, ನಡುವೆ ಅಡ್ಡಗೆರೆ ಮರೆಯಬೇಡಿ. ಐಡೆಂಟಿಟಿ ಜಾಗಕ್ಕೆ ಗ್ರೂಪಿನ ಅಲಿಯಾಸ್ (ಚುಟುಕು ಹೆಸರು) ಕೊಟ್ಟರೆ ‘ಸಿಗಲಿಲ್ಲ’ ಎನ್ನುತ್ತದೆ. ‘ಗೆಟ್-ಡಿಸ್ಟ್ರಿಬ್ಯೂಷನ್‌ಗ್ರೂಪ್’ ಮೂಲಕ ಗ್ರೂಪ್ ಹಿಡಿದು ಪೈಪ್ ಹಾಕಿ ಕೊಟ್ಟರೆ ತಪ್ಪೇ ಆಗದು. ‘ಗ್ರಾಂಟ್ ಸೆಂಡ್ ಆನ್ ಬಿಹಾಫ್’ ಕೊಡಬೇಡಿ. ಅದರಲ್ಲಿ ‘ಇವರ ಪರವಾಗಿ ಇವರು’ ಎಂದು ಎರಡೂ ವಿಳಾಸ ಹೊರಗೆ ಕಾಣುತ್ತವೆ, ಮುಚ್ಚಿಡಬೇಕೆಂದಿದ್ದ ಹಳೇ ಹೆಸರು ಮೊದಲು ಕಾಣುತ್ತದೆ.

ಹಕ್ಕು ಕೊಟ್ಟ ತಕ್ಷಣ ಪರೀಕ್ಷಿಸಿ, ‘ಈ ಬಳಕೆದಾರನ ಪರವಾಗಿ ಕಳಿಸಲು ಅನುಮತಿಯಿಲ್ಲ’ ಎಂಬ ವಾಪಸ್ ಮೇಲ್ ನೋಡಿ, ಈ ದಾರಿ ಸುಳ್ಳೆಂದು ಬಿಟ್ಟವರು ಬಹಳ. ಮೇಲ್‌ಬಾಕ್ಸುಗಳನ್ನು ನಡೆಸುವ ಇನ್ಫರ್ಮೇಷನ್ ಸ್ಟೋರ್ ಸರ್ವಿಸ್ ಹಳೇ ಅನುಮತಿಗಳನ್ನು ಸುಮಾರು 2 ಗಂಟೆ ನೆನಪಿನಲ್ಲಿಟ್ಟುಕೊಂಡಿರುತ್ತದೆ. ಕಾಯಿರಿ, ಇಲ್ಲವೇ ರಾತ್ರಿ ಆ ಸರ್ವಿಸನ್ನು ರೀಸ್ಟಾರ್ಟ್ ಮಾಡಿ. ಹಗಲು ಮಾಡಿದರೆ ಹದಿನೆಂಟೂ ಔಟ್‌ಲುಕ್ ಕಳಚಿಕೊಳ್ಳುತ್ತವೆ.

ಎರಡನೇ ಮೋಸ ಆಫ್‌ಲೈನ್ ಅಡ್ರೆಸ್ ಬುಕ್ಕಿನದು. ಮೇಲ್ ಮತ್ತು ವಿಳಾಸಗಳ ಪ್ರತಿಯನ್ನು ಪಿಸಿಯಲ್ಲೇ ಇಟ್ಟುಕೊಳ್ಳುವ ಕ್ಯಾಶ್ಡ್ ಮೋಡಿನ ಔಟ್‌ಲುಕ್ ಹೊಸ ಗ್ರೂಪನ್ನು ಕೂಡಲೇ ಕಾಣುವುದಿಲ್ಲ. ಪುಸ್ತಕ ತಯಾರಾಗುವುದು ಬೆಳಗಿನ ಜಾವ 5ಕ್ಕೆ, ಫೈಲ್ ಡಿಸ್ಟ್ರಿಬ್ಯೂಷನ್ ಸರ್ವಿಸ್ ಅದನ್ನು ಎತ್ತಿಕೊಳ್ಳುವುದು 480 ನಿಮಿಷಕ್ಕೊಮ್ಮೆ, ಔಟ್‌ಲುಕ್ ಇಳಿಸಿಕೊಳ್ಳುವುದು ದಿನಕ್ಕೊಮ್ಮೆ. ಎಲ್ಲ ಕೂಡಿದರೆ ಎರಡು ದಿನ ದಾಟಬಹುದು. ಶೆಲ್ಲಿನಲ್ಲಿ ಮೊದಲು ‘ಅಪ್‌ಡೇಟ್-ಆಫ್‌ಲೈನ್‌ಅಡ್ರೆಸ್‌ಬುಕ್’, ಒಂದೆರಡು ನಿಮಿಷ ಬಿಟ್ಟು ‘ಅಪ್‌ಡೇಟ್-ಫೈಲ್‌ಡಿಸ್ಟ್ರಿಬ್ಯೂಷನ್‌ಸರ್ವಿಸ್’, ಆಮೇಲೆ ಔಟ್‌ಲುಕ್‌ನಲ್ಲಿ ‘ಡೌನ್‌ಲೋಡ್ ಅಡ್ರೆಸ್ ಬುಕ್’. ಅಲ್ಲಿ ಬರೀ ಬದಲಾವಣೆ ಇಳಿಸುವ ಟಿಕ್ ತೆಗೆದು ಪೂರ್ತಿ ಇಳಿಸಿಕೊಳ್ಳಿ. ಹತ್ತು ನಿಮಿಷದ ಕೆಲಸ.

ಇದಕ್ಕಿಂತ ಸುಲಭವಾದ ಪರೀಕ್ಷೆ ಇದೆ, ನನ್ನ ಅರ್ಧ ಸಮಯ ಉಳಿಸಿದ್ದು ಅದೇ. ಔಟ್‌ಲುಕ್ ಮುಟ್ಟುವ ಮೊದಲು ವೆಬ್ ಆಕ್ಸೆಸ್‌ನಲ್ಲಿ (ಬ್ರೌಸರಿನಲ್ಲಿ ತೆರೆಯುವ ಮೇಲ್) ಹೊಸ ಮೇಲ್ ತೆರೆದು, ಆಪ್ಷನ್ಸ್‌ನಲ್ಲಿ ಫ್ರಮ್ ತೋರಿಸು ಎಂದು ಟಿಕ್ ಹಾಕಿ, ಅಲ್ಲಿಂದ ಕಳಿಸಿ. ಅದು ನೇರ ಡೈರೆಕ್ಟರಿ ನೋಡುತ್ತದೆ. ಅಲ್ಲಿ ಹೋಯಿತು, ಔಟ್‌ಲುಕ್‌ನಲ್ಲಿ ಹೋಗಲಿಲ್ಲ ಎಂದರೆ ಹಕ್ಕು ಸರಿಯಿದೆ, ತಪ್ಪು ಅಡ್ರೆಸ್ ಬುಕ್ಕಿನದು ಅಥವಾ ಆಟೋ-ಕಂಪ್ಲೀಟಿನದು. ಅಲ್ಲೂ ಹೋಗಲಿಲ್ಲವೆಂದರೆ ಹಕ್ಕಿನದೇ ತಪ್ಪು.

ಆಟೋ-ಕಂಪ್ಲೀಟ್ ಬೇರೆಯೇ ಕಾಟ. ಫ್ರಮ್ ಜಾಗದಲ್ಲಿ ಮೊದಲು ಕೈಯಿಂದ ಟೈಪ್ ಮಾಡಿದ ವಿಳಾಸ ಅಲ್ಲೇ ಕುಳಿತಿರುತ್ತದೆ, ಗ್ರೂಪ್ ಮಾಡಿದ ಮೇಲೂ ಅದನ್ನೇ ಆರಿಸಿ ಮೇಲ್ ವಾಪಸ್ ಬರುತ್ತದೆ. ಅದನ್ನು ಅಳಿಸಿ, ಫ್ರಮ್ ಗುಂಡಿ ಒತ್ತಿ, ಗ್ಲೋಬಲ್ ಅಡ್ರೆಸ್ ಲಿಸ್ಟಿನಿಂದಲೇ ಒಮ್ಮೆ ಆರಿಸಿ. ಮುಂದೆ ಸರಿ ಬರುತ್ತದೆ. ಗ್ರೂಪನ್ನು ಅಡ್ರೆಸ್ ಲಿಸ್ಟಿನಿಂದ ಮರೆಮಾಡುವ ಆಸೆ ಬೇಡ, ಮರೆಮಾಡಿದರೆ ಕ್ಯಾಶ್ಡ್ ಮೋಡಿನಲ್ಲಿ ಫ್ರಮ್ ಹಿಡಿಯದು. ಮುಂಚೆ ಎರಡನೇ ಮೇಲ್‌ಬಾಕ್ಸ್ ಇದ್ದು ಅದನ್ನು ಅಳಿಸಿ ಗ್ರೂಪ್ ಮಾಡಿದ್ದರೆ ಇನ್ನೊಂದು ಕೆಲಸ: ಹಳೇ ಮೇಲ್‌ಬಾಕ್ಸಿನ ಲೆಗಸಿ ಎಕ್ಸ್‌ಚೇಂಜ್ ಡಿಎನ್ (ಎಕ್ಸ್‌ಚೇಂಜ್ ಒಳಗೊಳಗೇ ಬಳಸುವ ಉದ್ದನೆಯ ಗುರುತು) ಬರೆದಿಟ್ಟುಕೊಂಡು, ಗ್ರೂಪಿಗೆ ಎಕ್ಸ್500 ವಿಳಾಸವಾಗಿ ಸೇರಿಸಿ. ಇಲ್ಲವಾದರೆ ಆಫೀಸಿನವರ ಒಳಗಿನ ಮೇಲ್‌ಗಳು ವಿಚಿತ್ರವಾದ ಉದ್ದನೆಯ ವಿಳಾಸ ತೋರಿಸಿ ವಾಪಸ್ ಬರುತ್ತವೆ.

ಮಾಲೀಕರ ವಿಳಾಸದಿಂದ ಅವರ ಸಹಾಯಕರು ಕಳಿಸಬೇಕಾದಾಗ ಮಾತ್ರ ಬೇರೆ ತೊಡಕು. ಅಲ್ಲಿ ಗ್ರೂಪಲ್ಲ, ಮೇಲ್‌ಬಾಕ್ಸಿನ ಮೇಲೆಯೇ ಹಕ್ಕು ಕೊಟ್ಟಿದ್ದು. ಸುಮಾರು ಒಂದು ಗಂಟೆ ನಡೆಯುತ್ತದೆ, ಆಮೇಲೆ ಹಕ್ಕು ಮಾಯ. ಮತ್ತೆ ಕೊಟ್ಟರೆ ಮತ್ತೆ ಮಾಯ. ಕಾರಣ, ಸಣ್ಣ ಆಫೀಸುಗಳಲ್ಲಿ ಮಾಲೀಕರನ್ನು ಡೊಮೇನ್ ಅಡ್ಮಿನ್ ಮಾಡಿಟ್ಟಿರುತ್ತಾರೆ. ಅಂಥ ಖಾತೆಗಳ ಅನುಮತಿಯನ್ನು ಅಡ್ಮಿನ್‌ಎಸ್‌ಡಿಹೋಲ್ಡರ್ ಎಂಬ ಅಚ್ಚಿನ ಪ್ರಕಾರ 60 ನಿಮಿಷಕ್ಕೊಮ್ಮೆ ಸರ್ವರ್ ತಾನೇ ತಿದ್ದಿ ಬರೆಯುತ್ತದೆ. ಮಾಲೀಕರನ್ನು ಸಾಮಾನ್ಯ ಬಳಕೆದಾರ ಮಾಡಿ, ಅಡ್ಮಿನ್ ಕೆಲಸಕ್ಕೆ ಬೇರೆ ಖಾತೆ ಕೊಡಿ. ಅಡ್ಮಿನ್ ಗ್ರೂಪಿನಿಂದ ಹೊರಗೆ ತೆಗೆದರೂ ಖಾತೆಯ ಮೇಲೆ ಆಡ್ಮಿನ್‌ಕೌಂಟ್ 1 ಎಂದೇ ಉಳಿದಿರುತ್ತದೆ, ಅನುಮತಿಗಳ ಇನ್‌ಹೆರಿಟನ್ಸ್ ಕೂಡ ಆಫ್ ಆಗಿರುತ್ತದೆ. ಎರಡನ್ನೂ ಕೈಯಾರೆ ಸರಿಪಡಿಸಬೇಕು.

ಸರ್ವರಿನ ಒಳಗೆ ಎಲ್ಲ ಸರಿಹೋದ ಮೇಲೆ ಹೊರಗಡೆ ತಡೆ. ಇಂಟರ್ನೆಟ್ ಲೈನಿನಲ್ಲಿ ಸರ್ವರಿಂದ ಸರ್ವರಿಗೆ ಮೇಲ್ ಹೋಗುವ 25ನೇ ಪೋರ್ಟ್ ಮುಚ್ಚಿದ್ದರಿಂದ ಸ್ಮಾರ್ಟ್‌ಹೋಸ್ಟ್ (ನಮ್ಮ ಮೇಲನ್ನು ಹೊರಗೆ ಸಾಗಿಸುವ ಬೇರೆಯವರ ರಿಲೇ ಸರ್ವರ್) ಮೂಲಕ ಕಳಿಸುತ್ತಿದ್ದೆವು. ಹಳೇ ಡೊಮೇನಿನ ಹೋಸ್ಟಿಂಗ್ ಕೊಟ್ಟವರದೇ ಸ್ಮಾರ್ಟ್‌ಹೋಸ್ಟ್, ಹೊಸ ಡೊಮೇನಿನ ವಿಳಾಸ ಕಂಡ ಕೂಡಲೇ 553 ಎಂದು ನೂಕಿತು. ಡೊಮೇನಿಗೊಂದು ಸೆಂಡ್ ಕನೆಕ್ಟರ್ (ಹೊರಗೆ ಕಳಿಸುವ ದಾರಿ) ಮಾಡೋಣವೆಂದರೆ ಆಗದು. ಎಕ್ಸ್‌ಚೇಂಜ್ ಕನೆಕ್ಟರ್ ಆರಿಸುವುದು ಯಾರಿಗೆ ಹೋಗುತ್ತಿದೆ ಎಂಬುದನ್ನು ನೋಡಿ, ಯಾರಿಂದ ಎಂಬುದನ್ನಲ್ಲ. ಎರಡೂ ಡೊಮೇನಿಗೆ ಒಪ್ಪುವ ಒಂದೇ ರಿಲೇ ಬೇಕು. ಅದಕ್ಕೆ ಆಗ ವರ್ಷಕ್ಕೆ ಮೂರು ಸಾವಿರದ ಆಸುಪಾಸು. ಇಡೀ ಕೆಲಸದಲ್ಲಿ ನಿಜವಾಗಿ ಖರ್ಚಾದ ಹಣ ಅಷ್ಟೇ.

ರಿಲೇ ಬದಲಾಯಿಸಿದ ದಿನವೇ ಹೊಸ ಡೊಮೇನಿನ ಎಸ್‌ಪಿಎಫ್ (ಆ ಡೊಮೇನಿನ ಹೆಸರಲ್ಲಿ ಯಾವ ಸರ್ವರುಗಳು ಕಳಿಸಬಹುದೆಂಬ ದಾಖಲೆ) ಬರೆಯಿರಿ. ಹಳೇ ಡೊಮೇನಿನದನ್ನು ತಿದ್ದಿ ಸುಮ್ಮನಾಗುವವರೇ ಹೆಚ್ಚು. ಗ್ರೂಪಿನ ಹೆಸರಲ್ಲಿ ಹೋದ ಇ-ಮೇಲ್‌ನ ಲಕೋಟೆಯ ಮೇಲೂ (ಸರ್ವರುಗಳು ಪರಸ್ಪರ ಹೇಳಿಕೊಳ್ಳುವ ಕಳಿಸಿದವರ ವಿಳಾಸ) ಗ್ರೂಪಿನ ವಿಳಾಸವೇ ಇರುತ್ತದೆ, ಹಾಗಾಗಿ ಪರೀಕ್ಷೆಯಾಗುವುದು ಹೊಸ ಡೊಮೇನಿನ ದಾಖಲೆ. ಒಂದು ಡೊಮೇನಿಗೆ ಒಂದೇ ಎಸ್‌ಪಿಎಫ್, ಎರಡು ಬರೆದರೆ ಎರಡೂ ಕೆಟ್ಟವು. ಎಕ್ಸ್‌ಚೇಂಜ್ 2010ಕ್ಕೆ ತಾನಾಗಿ ಡಿಕಿಮ್ ಸಹಿ (ಮೇಲ್ ಆ ಡೊಮೇನಿನದೇ ಎಂದು ತೋರಿಸುವ ಡಿಜಿಟಲ್ ಗುರುತು) ಹಾಕಲು ಬರುವುದಿಲ್ಲ, ಭಾರವೆಲ್ಲ ಎಸ್‌ಪಿಎಫ್ ಮೇಲೆಯೇ.

ನಡುವೆ ಎರಡು ಪ್ರಯೋಗಗಳೂ ಆದವು. ಸರ್ವರಿನಲ್ಲೇ ವಿಳಾಸ ಬದಲಿಸುವ ಅಡ್ರೆಸ್ ರೀರೈಟ್ ಏಜೆಂಟ್ ಚೆನ್ನಾಗಿ ಕಂಡಿತು, ಆದರೆ ಅದು ಎಡ್ಜ್ ಟ್ರಾನ್ಸ್‌ಪೋರ್ಟಿನಲ್ಲಿ (ಎಕ್ಸ್‌ಚೇಂಜಿನ ಹೊರಬಾಗಿಲು ಕಾಯುವ ರೋಲ್) ಮಾತ್ರ ಇದೆ, ಎಡ್ಜ್ ಬೇರೆ ರೋಲ್‌ಗಳ ಜೊತೆ ಒಂದೇ ಯಂತ್ರದಲ್ಲಿ ಕೂರುವುದಿಲ್ಲ. ಇನ್ನೊಂದು ಯಂತ್ರ, ಇನ್ನೊಂದು ಲೈಸೆನ್ಸ್: ಅಲ್ಲಿಗೇ ಕೈಬಿಟ್ಟೆ. ಇನ್ನೊಂದು ಫೋನಿನದು. ಫೋನನ್ನು ಎಕ್ಸ್‌ಚೇಂಜಿಗೆ ಜೋಡಿಸುವ ಆಕ್ಟಿವ್‌ಸಿಂಕ್‌ನಲ್ಲಿ ಫ್ರಮ್ ಆರಿಸಲು ಜಾಗವೇ ಇಲ್ಲ, ಯಾವಾಗಲೂ ಪ್ರೈಮರಿ ವಿಳಾಸವೇ. ಮಾರಾಟದ ಮೂವರಿಗೆ ಸರ್ವರಿನ ಐಮ್ಯಾಪ್4 (ಮೇಲ್ ಓದುವ ಇನ್ನೊಂದು ಬಗೆ) ಸರ್ವಿಸ್ ಶುರುಮಾಡಿ, ಅದನ್ನು ಆಟೊಮ್ಯಾಟಿಕ್‌ಗೆ ಹಾಕಿ, ಫೋನಿನಲ್ಲಿ ಹೊಸ ವಿಳಾಸದ ಪ್ರತ್ಯೇಕ ಅಕೌಂಟ್ ಮಾಡಿಕೊಟ್ಟೆವು, ಕಳಿಸಲು 587. ಕ್ಯಾಲೆಂಡರಿಗೆ ಆಕ್ಟಿವ್‌ಸಿಂಕ್ ಹಾಗೇ ಉಳಿಯಿತು.

ಈ ದಾರಿಯ ನಿಜವಾದ ಕೊರತೆ ಒಂದೇ. ಗ್ರೂಪಿಗೆ ಬಂದ ಮೇಲಿಗೆ ರಿಪ್ಲೈ ಒತ್ತಿದರೆ ಔಟ್‌ಲುಕ್ ತನ್ನ ಹಳೇ ವಿಳಾಸವನ್ನೇ ಫ್ರಮ್‌ಗೆ ಹಾಕುತ್ತದೆ, ಪ್ರತಿ ಸಲವೂ ಕೈಯಿಂದ ಬದಲಿಸಬೇಕು. ದಿನಕ್ಕೆ ಹತ್ತು ಹದಿನೈದು ಮೇಲ್ ಇದ್ದರೆ ಅಭ್ಯಾಸವಾಗುತ್ತದೆ. ಐವತ್ತರ ಮೇಲಿದ್ದರೆ ಶೇರ್ಡ್ ಮೇಲ್‌ಬಾಕ್ಸ್ ಮಾಡಿ, ಔಟ್‌ಲುಕ್ 2010ರಲ್ಲಿ ಎರಡನೇ ಎಕ್ಸ್‌ಚೇಂಜ್ ಅಕೌಂಟಾಗಿ ಸೇರಿಸಿ. ಆಗ ರಿಪ್ಲೈ ತಾನೇ ಸರಿಯಾದ ವಿಳಾಸದಿಂದ ಹೋಗುತ್ತದೆ. ನಮ್ಮಲ್ಲಿ ರಿಪ್ಲೈ ವಿಳಾಸ ತಾನೇ ಬದಲಾಗುವಂತೆ ಸಣ್ಣ ಮ್ಯಾಕ್ರೋ ಒಂದನ್ನು ಬರೆದು ಹಾಕಿದ್ದೆ, ಹದಿನೆಂಟೂ ಪಿಸಿಯಲ್ಲಿ ಒಮ್ಮೆಯೂ ಕೈಕೊಡಲಿಲ್ಲ. ಅದನ್ನು ಇಲ್ಲಿ ಬಿಚ್ಚುವುದಿಲ್ಲ, ಕೆಲವು ಗಿರಾಕಿಗಳಿಗೆ ಹಣ ತೆಗೆದುಕೊಂಡು ಕೊಟ್ಟಿರುವಂಥದ್ದು.

ರಜೆಯ ಉತ್ತರದ ವಿಷಯದಲ್ಲಿ ಒಂದು ಎಚ್ಚರ. ಗ್ರೂಪಿಗೆ ಬಂದ ಮೇಲಿಗೆ ಔಟ್ ಆಫ್ ಆಫೀಸ್ ಹೋಗದಂತೆ ಮೊದಲಿಂದಲೇ ಇರುತ್ತದೆ. ಗಿರಾಕಿಗೆ ತಿಳಿಯಲಿ ಎಂದು ಅದನ್ನು ಆನ್ ಮಾಡಿದರೆ, ಉತ್ತರ ಹೋಗುವುದು ಸದಸ್ಯನ ಪ್ರೈಮರಿ ವಿಳಾಸದಿಂದ. ಆಫ್ ಇರಲಿ.

ಎಸ್‌ಬಿಎಸ್ 2011ರ ಕೆಳಗಿನ ವಿಂಡೋಸಿಗೆ 2020ರ ಜನವರಿಯಲ್ಲಿ, ಎಕ್ಸ್‌ಚೇಂಜ್ 2010ಕ್ಕೆ ಅದೇ ವರ್ಷದ ಅಕ್ಟೋಬರಿನಲ್ಲಿ ಸಪೋರ್ಟ್ ನಿಂತಿತು. ಎಕ್ಸ್‌ಚೇಂಜ್ 2016 ಮತ್ತು 2019ರಲ್ಲೂ ಗ್ರೂಪಿನ ಇದೇ ಉಪಾಯ ನಡೆಯುತ್ತದೆ. ಎಕ್ಸ್‌ಚೇಂಜ್ ಆನ್‌ಲೈನಿಗೆ ಹೋದವರಿಗೆ ಇಷ್ಟೂ ಬೇಡ: ‘ಸೆಟ್-ಆರ್ಗನೈಸೇಷನ್‌ಕಾನ್ಫಿಗ್’ನಲ್ಲಿ ‘ಸೆಂಡ್‌ಫ್ರಮ್‌ಅಲಿಯಾಸ್‌ಎನೇಬಲ್ಡ್’ ಅನ್ನು ಟ್ರೂ ಮಾಡಿದರೆ ಅಲಿಯಾಸಿನಿಂದಲೇ (ಮೇಲ್‌ಬಾಕ್ಸಿನ ಎರಡನೇ ವಿಳಾಸ) ನೇರ ಕಳಿಸಬಹುದು. ಅಲ್ಲೂ ಎರಡನೇ ಡೊಮೇನಿನ ಎಸ್‌ಪಿಎಫ್ ಬೇರೆಯಾಗಿ ಬರೆಯಲೇಬೇಕು.