ಎಸಿ ತರುವ ಮುನ್ನ ಕರೆಂಟ್ ಬಿಲ್ ತೆಗೆದು ನೋಡಿ

ಸೆಕೆ ಶುರುವಾದರೆ ಸಾಕು, ಮನೆಯಲ್ಲಿ ಎಸಿ ಮಾತೂ ಶುರು. ಎಲ್ಲರೂ ಮೊದಲು ಅಂಗಡಿಗೆ ಓಡುತ್ತಾರೆ. ಮೊದಲು ತೆಗೆಯಬೇಕಾದದ್ದು ಹೋದ ತಿಂಗಳ ಕರೆಂಟ್ ಬಿಲ್.

1. ಲೋಡ್ ನೋಡಿ. ಬಿಲ್ಲಿನಲ್ಲಿ ಮಂಜೂರಾದ ಲೋಡ್, ಅಂದರೆ ನಿಮ್ಮ ಮನೆ ಒಮ್ಮೆಗೆ ಎಳೆಯಬಹುದಾದ ಕರೆಂಟಿನ ಮಿತಿ, ಎಷ್ಟು ಕಿಲೋವ್ಯಾಟ್ ಎಂದು ಬರೆದಿರುತ್ತದೆ. ಹಳೆಯ ಮನೆಗಳಲ್ಲಿ ಅದು ಒಂದೋ ಎರಡೋ ಇದ್ದೀತು. ಗೀಸರ್ ಒಂದೇ 2 ಕಿಲೋವ್ಯಾಟ್ ಎಳೆಯುತ್ತದೆ. 1.5 ಟನ್ (ಟನ್ ಎಂದರೆ ಎಸಿಯ ತಂಪು ಮಾಡುವ ಶಕ್ತಿಯ ಅಳತೆ) ಎಸಿಗೆ ಸುಮಾರು ಒಂದೂವರೆ ಕಿಲೋವ್ಯಾಟ್ ಬೇಕು. ಸಾಲದಿದ್ದರೆ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಹೀಗೆ ನಿಮ್ಮ ಊರಿನ ಕಂಪನಿಗೆ ಅರ್ಜಿ ಕೊಟ್ಟು ಲೋಡ್ ಹೆಚ್ಚಿಸಿಕೊಳ್ಳಿ. ನಿಗದಿತ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲಿ ಬರುತ್ತದೆ. ಎಸಿ ಹಾಕದ ತಿಂಗಳಲ್ಲೂ ಅದು ಲೆಕ್ಕಕ್ಕೆ ಸೇರುತ್ತದೆ.

2. ಗೃಹಜ್ಯೋತಿ, ಅಂದರೆ ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆಯ ಲೆಕ್ಕ ಹಾಕಿ. ಇದನ್ನು ತುಂಬಾ ಜನ ಮರೆಯುತ್ತಾರೆ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಎಸಿ ಗಂಟೆಗೆ ಮುಕ್ಕಾಲು ಯೂನಿಟ್ ತಿನ್ನುತ್ತದೆ ಎಂದಿಟ್ಟುಕೊಳ್ಳಿ. ರಾತ್ರಿ 8 ಗಂಟೆ ಓಡಿದರೆ 6 ಯೂನಿಟ್, ತಿಂಗಳಿಗೆ 180. ಉಳಿದ 20 ಯೂನಿಟ್‌ನಲ್ಲಿ ಫ್ರಿಜ್ಜು, ಫ್ಯಾನು, ಟಿವಿ ನಡೆಯುತ್ತವೆಯೇ? ಆಗಲ್ಲ ಅಲ್ವಾ. ಸೊನ್ನೆ ಬಿಲ್ ಬರುತ್ತಿದ್ದ ಮನೆಗೆ ಇದು ದೊಡ್ಡ ಹೊಡೆತ.

3. ನಿಮ್ಮ ಊರಿನ ಗಾಳಿ ಎಂಥದ್ದು? ಕಲಬುರಗಿ, ರಾಯಚೂರು, ಬಳ್ಳಾರಿಯ ಒಣ ಸೆಕೆಗೆ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಖರ್ಚೂ ಕಡಿಮೆ. ಕೂಲರ್ ಹಾಕಿದಾಗ ಕಿಟಕಿ ತೆರೆದಿರಲಿ. ಮಂಗಳೂರು, ಉಡುಪಿಯಲ್ಲಿ ಗಾಳಿಯೇ ಒದ್ದೆ, ನೀರು ಆರುವುದಿಲ್ಲ. ಅಲ್ಲಿ ಕೂಲರ್ ಕೊಂಡರೆ ಅಂಟು ಅಂಟು ಜಾಸ್ತಿಯಾಗುತ್ತದೆ ಅಷ್ಟೇ.

4. ಅಳತೆ. ಮಾಮೂಲಿ ಮಲಗುವ ಕೋಣೆ 120 ಚದರ ಅಡಿಯೊಳಗಿದ್ದರೆ 1 ಟನ್ ಸಾಕು. ಮೇಲಿನ ಮಹಡಿಯ ಕತೆ ಬೇರೆ. ರಾತ್ರಿ 10 ಗಂಟೆಗೆ ತಾರಸಿಯ ಮೇಲೆ ಅಂಗೈ ಇಟ್ಟು ನೋಡಿ. ಇನ್ನೂ ಬಿಸಿ ಇದ್ದರೆ ಮೊದಲು ತಾರಸಿಗೆ ಬಿಸಿಲು ತಡೆಯುವ ಬಿಳಿ ಬಣ್ಣ ಬಳಿಸಿ, ಎಸಿ ಆಮೇಲೆ. 2020ರಿಂದ ಸ್ಟಾರ್ ಗುರುತಿನ ಎಸಿಗಳು ಆನ್ ಮಾಡಿದಾಗ 24 ಡಿಗ್ರಿಯಲ್ಲೇ ಶುರುವಾಗಬೇಕೆಂಬ ನಿಯಮವಿದೆ. ಅದನ್ನು 18ಕ್ಕೆ ಇಳಿಸಬೇಡಿ. 24ಕ್ಕಿಟ್ಟು ಫ್ಯಾನ್ ಹಾಕಿ.

5. ಬಿಸಿನೀರು. ಬೆಂಗಳೂರಿನಲ್ಲಿ 1,200 ಚದರ ಅಡಿ ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹೊಸ ಮನೆಗೆ ಸೋಲಾರ್ ವಾಟರ್ ಹೀಟರ್ ಇಲ್ಲದೆ ಕರೆಂಟ್ ಸಂಪರ್ಕ ಸಿಗುವುದಿಲ್ಲ. ನಿಯಮಕ್ಕೆಂದು ಸುಮ್ನೆ ಹಾಕಿಸಿ ಬಿಡಬೇಡಿ, ಬಳಸಿ. ಗೀಸರ್ ಆಫ್ ಇದ್ದರೆ ಅಷ್ಟು ಲೋಡ್ ಎಸಿಗೆ ಉಳಿಯುತ್ತದೆ.

6. ಪ್ಲಗ್ ಮುಟ್ಟಿ ನೋಡಿ. ನಮ್ಮಕ್ಕನ ಮನೆಯಲ್ಲಿ ಎಸಿಯನ್ನು ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಿದ್ದರು. ಮೂರನೇ ವಾರಕ್ಕೆ ಸುಟ್ಟ ಪ್ಲಾಸ್ಟಿಕ್ ವಾಸನೆ. ತೆಗೆದು ನೋಡಿದರೆ ಸಾಕೆಟ್‌ನ ಒಂದು ತೂತು ಕಂದು ಬಣ್ಣಕ್ಕೆ ತಿರುಗಿ ಕರಗಿತ್ತು. ಮಕ್ಕಳು ಅದೇ ಕೋಣೆಯಲ್ಲಿ ಮಲಗುತ್ತಿದ್ದರು. ಹಾಗಾಗಿ ಎಸಿಗೆ ಬೇರೆಯೇ ಲೈನ್ ಎಳೆಸಿ. ಅದಕ್ಕೆ ಅದರದೇ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್) ಇರಲಿ, ಅರ್ಥಿಂಗ್ ಇರಲಿ. ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೇ ಕೊಡಿ. ಹಾಕಿದ ಮೊದಲ ದಿನ ಒಂದು ಗಂಟೆ ಓಡಿಸಿ, ಸ್ವಿಚ್ ಆಫ್ ಮಾಡಿ, ಪ್ಲಗ್ಗಿನ ಮೇಲೆ ಕೈಯಿಡಿ. ಬಿಸಿ ತಟ್ಟಿದರೆ ಅವರನ್ನು ಅಂದೇ ವಾಪಸ್ ಕರೆಸಿ.