ಶಾಲೆಯ ಖರ್ಚು ಮಕ್ಕಳನ್ನು ತಲುಪಿದೆಯೇ? ಲೆಕ್ಕ ಹಾಕುವ ಕ್ರಮ

ಕೇರಳದ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಮಾತು ಬಂದಾಗಲೆಲ್ಲ ಇಷ್ಟು ಕಡಿಮೆ ಮಕ್ಕಳಿಗೆ ಇಷ್ಟು ಹಣವೇಕೆ ಎಂಬ ಪ್ರಶ್ನೆ ಏಳುತ್ತದೆ. ಕೇಳಬೇಕಾದ ಪ್ರಶ್ನೆಯೇ ಹೌದು. ಆದರೆ ಒಟ್ಟು ಖರ್ಚನ್ನು ದಾಖಲಾತಿಯಿಂದ ಭಾಗಿಸಿ ಸುಮ್ಮನಾದರೆ ಉತ್ತರ ಸಿಗದು. ಶಾಲಾ ನಿರ್ವಹಣಾ ಸಮಿತಿಯ ಸದಸ್ಯರೂ ಹೆತ್ತವರೂ ಒಟ್ಟಿಗೆ ಕುಳಿತು ಈ ಲೆಕ್ಕವನ್ನು ಸರಿಯಾಗಿ ಮಾಡಲು ಸಾಧ್ಯವಿದೆ.

ಮೊದಲು ಒಂದು ವರ್ಷದ ಖರ್ಚನ್ನು ಒಂದೆಡೆ ಬರೆದುಕೊಳ್ಳಬೇಕು. ಸಂಬಳ ರಾಜ್ಯ ಸರ್ಕಾರದಿಂದ, ದುರಸ್ತಿಯ ಹಣ ಸ್ಥಳೀಯಾಡಳಿತದಿಂದ, ಶಾಲಾ ಅನುದಾನ ಕೇಂದ್ರ ಮತ್ತು ರಾಜ್ಯಗಳು ಸೇರಿ ನಡೆಸುವ ಸಮಗ್ರ ಶಿಕ್ಷಾ ಯೋಜನೆಯಿಂದ ಬರುವುದರಿಂದ ಪೂರ್ಣ ಚಿತ್ರ ಒಂದೇ ಪುಸ್ತಕದಲ್ಲಿ ಇರುವುದಿಲ್ಲ. ಸಂಬಳವನ್ನು ಪ್ರತ್ಯೇಕ ಕಾಲಂನಲ್ಲಿ ಇಡಿ, ಏಕೆಂದರೆ ಅದು ಶಾಲೆಯ ನಿರ್ಧಾರಕ್ಕೆ ಒಳಪಟ್ಟದ್ದಲ್ಲ. ಹೊಸ ಕಟ್ಟಡದ ವೆಚ್ಚವನ್ನು ಅದು ಬಾಳುವ ವರ್ಷಗಳಿಗೆ ಹಂಚಿ.

ನಂತರ ಉಳಿದ ಖರ್ಚನ್ನು ಸರಾಸರಿ ಹಾಜರಾತಿಯಿಂದ ಭಾಗಿಸಿ. ಉದಾಹರಣೆಗೆ, 1,56,000 ರೂಪಾಯಿ ಖರ್ಚಾದ ಶಾಲೆಯಲ್ಲಿ ದಾಖಲಾತಿ 60, ಹಾಜರಾತಿ 52 ಆಗಿದ್ದರೆ ತಲಾ ವೆಚ್ಚ 2,600 ಅಲ್ಲ, 3,000.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಮುಂದಿನ ಹಂತ. ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗೆ ವರ್ಷಕ್ಕೆ 200 ಕೆಲಸದ ದಿನಗಳು, ಆರರಿಂದ ಎಂಟರವರೆಗೆ 220 ದಿನಗಳು ಇರಬೇಕು. ಇವುಗಳಲ್ಲಿ ಎಷ್ಟು ದಿನ ತರಗತಿಯಲ್ಲಿ ಶಿಕ್ಷಕರಿದ್ದರು, ಎಷ್ಟು ದಿನ ಪಾಠ ಮಕ್ಕಳಿಗೆ ಅರ್ಥವಾಗುವ ಕನ್ನಡದಲ್ಲಿ ನಡೆಯಿತು ಎಂಬುದನ್ನು ತರಗತಿವಾರು ಬರೆಯಿರಿ. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದಾಗ ಕಡತದಲ್ಲಿ ಹುದ್ದೆ ತುಂಬಿರುತ್ತದೆ, ಸಂಬಳವೂ ಸಲ್ಲುತ್ತದೆ, ಮಕ್ಕಳಿಗೆ ಮಾತ್ರ ಪಾಠ ದಕ್ಕುವುದಿಲ್ಲ. ಸಾರ್ವಜನಿಕ ಹಣ ನಿಜವಾಗಿ ಪೋಲಾಗುವುದು ಇಲ್ಲಿಯೇ, ಮತ್ತು ತಲಾ ವೆಚ್ಚದ ಲೆಕ್ಕ ಇದನ್ನು ಎಂದೂ ತೋರಿಸುವುದಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುವುದರಿಂದ ಈ ಕಾಲಂ ಲೆಕ್ಕದಲ್ಲಿ ಇರಲೇಬೇಕು.

ಜೂನ್‌ನಲ್ಲಿ ಒಮ್ಮೆ, ಫೆಬ್ರವರಿಯಲ್ಲಿ ಇನ್ನೊಮ್ಮೆ ಪ್ರತಿ ಮಗುವಿನಿಂದ ಒಂದು ಸಣ್ಣ ಪರಿಚ್ಛೇದ ಓದಿಸಿ, ಒಂದೆರಡು ಲೆಕ್ಕ ಮಾಡಿಸಿ, ಅದೇ ಮಗುವಿನ ಪ್ರಗತಿಯನ್ನು ಗುರುತಿಸಿಕೊಳ್ಳಿ.

ಹೋಲಿಕೆ ಮಾಡುವಾಗ ಎಚ್ಚರ ಬೇಕು. ಸಮಗ್ರ ಶಿಕ್ಷಾ ಮಾರ್ಗಸೂಚಿಯಂತೆ 30 ಮಕ್ಕಳವರೆಗಿನ ಶಾಲೆಗೆ 10,000 ರೂಪಾಯಿ, 31ರಿಂದ 100ರವರೆಗೆ 25,000, 101ರಿಂದ 250ರವರೆಗೆ 50,000 ಅನುದಾನವಿದೆ. 31 ಮಕ್ಕಳಿರುವಲ್ಲಿ ತಲಾ ಸುಮಾರು 806 ರೂಪಾಯಿ ಬಂದರೆ 100 ಮಕ್ಕಳಿರುವಲ್ಲಿ 250 ಮಾತ್ರ. ಈ ಅಂತರ ಹಂತಗಳ ಲೆಕ್ಕಾಚಾರದಿಂದ ಬಂದದ್ದೇ ಹೊರತು ಸಣ್ಣ ಶಾಲೆಯ ದುಂದುವೆಚ್ಚದಿಂದಲ್ಲ. ಆದ್ದರಿಂದ ಪೈವಳಿಕೆಯ ಸಣ್ಣ ಶಾಲೆಯನ್ನು ಕಾಸರಗೋಡು ಪೇಟೆಯ ದೊಡ್ಡ ಶಾಲೆಯೊಂದಿಗೆ ಅಲ್ಲ, ಅದೇ ಗಾತ್ರದ ಇನ್ನೊಂದು ಶಾಲೆಯೊಂದಿಗೆ ಹೋಲಿಸಬೇಕು.

ಸುಧಾರಣೆಗೆ ಬಂದರೆ, ಮಾರ್ಚ್ ಕೊನೆಯ ಅವಸರದ ಖರೀದಿಯನ್ನು ನಿಲ್ಲಿಸುವುದರಿಂದ ಆರಂಭಿಸಿ. ಬೇಕಾದ ವಸ್ತುಗಳ ಪಟ್ಟಿಯನ್ನು ಆದ್ಯತೆಯ ಕ್ರಮದಲ್ಲಿ ಮೊದಲೇ ಸಿದ್ಧವಿಟ್ಟರೆ ಅನುದಾನ ತಡವಾಗಿ ಬಂದರೂ ಅನಗತ್ಯ ಸಾಮಗ್ರಿ ಕಪಾಟು ಸೇರುವುದಿಲ್ಲ. ಸೋರುವ ಮಾಡನ್ನು ಮಳೆಗಾಲಕ್ಕೆ ಮೊದಲು ಸರಿಪಡಿಸಿದರೆ ಪುಸ್ತಕಗಳೂ ವಿದ್ಯುತ್ ಉಪಕರಣಗಳೂ ಹಾಳಾಗದೆ ಉಳಿಯುತ್ತವೆ. ಹುದ್ದೆ ಖಾಲಿಯಾಗುವುದು ಮೊದಲೇ ತಿಳಿದಿದ್ದರೆ ದಿನವೇತನದ ಶಿಕ್ಷಕರ ಸಂದರ್ಶನವನ್ನು ಮೇ ತಿಂಗಳಲ್ಲೇ ನಡೆಸುವಂತೆ ಒತ್ತಾಯಿಸಿ. ಹತ್ತಿರದ ಎರಡು ಮೂರು ಶಾಲೆಗಳು ಪ್ರಯೋಗ ಸಾಮಗ್ರಿ, ಆಟದ ಸಲಕರಣೆಗಳನ್ನು ಹಂಚಿಕೊಳ್ಳಬಹುದು. ಗ್ರಂಥಾಲಯದ ಹಣವನ್ನು ಮಾತ್ರ ಉಳಿತಾಯದ ಹೆಸರಿನಲ್ಲಿ ಕಡಿತಗೊಳಿಸಬೇಡಿ.

ಈ ಲೆಕ್ಕದ ಹಾಳೆಯನ್ನು ಶಾಲಾಭಿವೃದ್ಧಿ ಯೋಜನೆಗೆ ಲಗತ್ತಿಸಿ, ಗ್ರಾಮ ಪಂಚಾಯತ್ ತನ್ನ ವಾರ್ಷಿಕ ಯೋಜನೆ ರೂಪಿಸುವ ಮೊದಲೇ ವಾರ್ಡ್ ಸದಸ್ಯರ ಮೂಲಕ ಗ್ರಾಮಸಭೆಯಲ್ಲಿ ಮಂಡಿಸಿ. ಬೋಧನೆ ನಡೆಯದ ದಿನಗಳ ವಿವರವನ್ನು ಉಪಜಿಲ್ಲಾ ಶಿಕ್ಷಣಾಧಿಕಾರಿಗೆ ಬೇರೆಯಾಗಿ ಲಿಖಿತವಾಗಿ ಸಲ್ಲಿಸಿ, ಸ್ವೀಕೃತಿ ಪಡೆಯಿರಿ.